ಜೂನಿಯರ್ ಟೀಮ್, ಎರಡು ಬೈಕು, ಮೂರು ದಿನ ಬರೀ ರಿಪೇರಿ: ಎಲ್ಲಿಂದ ಹುಡುಕಬೇಕು?

ಗ್ಯಾರೇಜ್_ಹೊಣೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ನಾನು ಸಣ್ಣದು ಅಂತ ಬಿಟ್ಟಿದ್ದೇ ನಿಮಗೆ ಮುಖ್ಯ ಅನ್ನಿಸಬಹುದು.

ನಮ್ದು ಚಿಕ್ಕ ಜೂನಿಯರ್ ಟೀಮ್. ಇಬ್ರು ಮಕ್ಕಳು, ಹುಡುಗನಿಗೆ 14, ಹುಡುಗಿಗೆ 15. 300 ಕ್ಲಾಸು (300 ಸಿಸಿ ಆಸುಪಾಸಿನ ಬೈಕು), ರೋಡ್ ಬೈಕನ್ನೇ ರೇಸಿಗೆ ರೆಡಿ ಮಾಡಿರೋದು, ಎರಡೂ ಒಂದೇ ಮಾಡೆಲ್ಲು, ಟ್ವಿನ್ ಸಿಲಿಂಡರ್, ಎಂಜಿನ್ ಒಳಗಡೆ ಮುಟ್ಟೋ ಹಾಗಿಲ್ಲ, ರೂಲ್ಸೇ ಹಾಗೆ. ಗ್ಯಾರೇಜ್ ಕಡೆ ಜವಾಬ್ದಾರಿ ನಂದು, ಜೊತೆಗೆ ಇಬ್ರು ಹುಡುಗ್ರು ಸಹಾಯಕ್ಕಿದಾರೆ. ಸೀಸನ್ ಶುರುವಿಂದ ಎರಡು ಬೈಕೂ ಗಡಿಯಾರದ ಹಾಗೆ ನಡೀತಿತ್ತು, ಈ ವೀಕೆಂಡ್ ಮಾತ್ರ ಯಾವ ಸೆಷನ್ನೂ ನೆಟ್ಟಗೆ ಮುಗೀಲಿಲ್ಲ.

ಶುಕ್ರವಾರ ಮೊದಲ್ನೇ ಪ್ರಾಕ್ಟೀಸು. ಹುಡುಗನ ಬೈಕು ಶುರುವಿನ ಲ್ಯಾಪೆಲ್ಲಾ ಚೆನ್ನಾಗೇ ಹೋಯ್ತು, ಆಮೇಲೆ ಉದ್ದ ಸ್ಟ್ರೈಟ್ ಮುಗಿದು ಬರೋ ಬಲಗಡೆ ತಿರುವಲ್ಲಿ ಎಂಜಿನ್ ಒಂದು ಕ್ಷಣ ಸತ್ತು ಮತ್ತೆ ತಾನೇ ಹಿಡ್ಕೊಂಡಿದೆ. ಬೈಕ್ ಪೂರ್ತಿ ಮಲಗಿಸಿರೋವಾಗ ಪವರ್ ಹೋಗಿ ತಟ್ಟಂತ ವಾಪಸ್ ಬಂದ್ರೆ ಹಿಂದಿನ ಟೈರ್ ಜಾರುತ್ತಲ್ಲ, ಹಾಗೇ ಜಾರಿದೆ, ಪುಣ್ಯಕ್ಕೆ ಬೀಳ್ಲಿಲ್ಲ. ಪಿಟ್‌ಗೆ ಬಂದವನು "ಪೆಟ್ರೋಲ್ ಖಾಲಿಯಾದ ಹಾಗಾಗುತ್ತೆ, ಮೀಟರೂ ಒಂದ್ಸಲ ಕಪ್ಪಾಯ್ತು" ಅಂದ. ನಾವು ಫ್ಯುಯೆಲ್ ಕಡೆಯಿಂದ ಶುರು ಮಾಡಿದ್ವಿ. ಟ್ಯಾಂಕ್ ಬ್ರೀದರ್ ಪೈಪ್ ನೋಡಿದ್ವಿ, ಫಿಲ್ಟರ್ ಹೊಸದು ಹಾಕಿದ್ವಿ, ಸಂಜೆ ಪಂಪ್ ಕೂಡ ಬದಲಾಯಿಸಿದ್ವಿ, ಪ್ರೆಶರ್ 3 ಬಾರ್ ಸರಿಯಾಗಿ ಬರ್ತಿದೆ. ಪ್ಲಗ್ಗು, ಕಾಯಿಲ್ಲು ಎಲ್ಲಾ ಹೊಸದು. ಶನಿವಾರ ಕ್ವಾಲಿಫೈಯಿಂಗಲ್ಲಿ ಮತ್ತೆ ಅದೇ ತಿರುವು, ಅದೇ ಕಥೆ. ಸ್ಟ್ಯಾಂಡ್ ಮೇಲೆ ಎಷ್ಟು ಹೊತ್ತು ಓಡಿಸಿದ್ರೂ ಏನೂ ತೋರ್ಸಲ್ಲ. ಗ್ರಿಡ್‌ನಲ್ಲಿ ಹಿಂದಿನಿಂದ ಎರಡನೇ ಸಾಲು ಸಿಕ್ತು.

ಹುಡುಗಿ ಬೈಕಿನದು ಬೇರೆ. ನೀರು ಹೊರಗೆ ತಳ್ತಿದೆ. ಶುಕ್ರವಾರ ಸೆಷನ್ ಮುಗಿದಾಗ ಕ್ಯಾಚ್ ಬಾಟಲ್ (ರೇಡಿಯೇಟರಿಂದ ಉಕ್ಕಿದ ನೀರು ಹಿಡಿಯೋದು) ಅರ್ಧ ತುಂಬಿತ್ತು, ತಣ್ಣಗಾದ್ಮೇಲೆ ರೇಡಿಯೇಟರ್ ನೋಡಿದ್ರೆ ನೀರು ಕಮ್ಮಿ. ತುಂಬಿಸಿ ಕಳಿಸಿದ್ವಿ. ಶನಿವಾರ ಕ್ವಾಲಿಫೈಯಿಂಗಲ್ಲಿ ಬಾಟಲ್ ತುಂಬಿ ಚೆಲ್ಲಿ ಹಿಂದಿನ ಟೈರ್ ಪಕ್ಕ ಒದ್ದೆಯಾಗಿ ಕಪ್ಪು ಬಾವುಟಕ್ಕೆ ಕಿತ್ತಳೆ ಚುಕ್ಕೆ ಇರೋದನ್ನ ಅವಳ ನಂಬರ್ ಜೊತೆ ತೋರಿಸಿಬಿಟ್ರು, ಅಂದ್ರೆ ಬೈಕಲ್ಲಿ ತೊಂದರೆ ಇದೆ, ಹೊರಗೆ ಬಾ ಅಂತ. ಅವಳು ತಕ್ಷಣ ಪಕ್ಕಕ್ಕೆ ತಗೊಂಡು ಟ್ರ್ಯಾಕಿಂದ ಹೊರಗೆ ಬಂದ್ಳು, ಅದನ್ನ ಮಾತ್ರ ತುಂಬಾ ಚೆನ್ನಾಗಿ ಮಾಡಿದ್ಳು, ಹಿಂದೆ ಬರೋ ಮಕ್ಕಳ ಲೈನಿಗೆ ಒಂದು ಹನೀನೂ ಬೀಳ್ಲಿಲ್ಲ. ಭಾನುವಾರ ರೇಸಲ್ಲಿ ಗ್ರಿಡ್ ಮೇಲೆ 98 ಡಿಗ್ರಿ ಇದ್ದಿದ್ದು ಅರ್ಧ ರೇಸಿಗೆ 112 ಆಯ್ತು, ತಾನಾಗೇ ಪಿಟ್‌ಗೆ ಬಂದ್ಳು.

ಇನ್ನೊಂದು, ನನಗೆ ಜಾಸ್ತಿ ತಲೆ ಕೊರೀತಿರೋದು ಇದೇ. ಭಾನುವಾರ ಮೊದಲ್ನೇ ರೇಸಲ್ಲಿ ಹುಡುಗನ ಬೈಕು ಸ್ಟ್ರೈಟಲ್ಲಿ ಉಬ್ಬುತಗ್ಗಿನ ಮೇಲೆ ಹ್ಯಾಂಡಲ್ ಜೋರಾಗಿ ಬಡ್ಕೊಂಡಿದೆ, ಅದಾದ್ಮೇಲೆ ಮುಂದಿನ ಬ್ರೇಕ್ ಹಿಡಿದ್ರೆ ಲಿವರ್ ಸೀದಾ ಗ್ರಿಪ್‌ವರೆಗೂ ಬಂದಿದೆ. ಎರಡನೇ ಸಲ ಒತ್ತಿದಾಗ ಸಿಕ್ತಂತೆ, ಅಷ್ಟರಲ್ಲಿ ಜಲ್ಲಿಗೆ ಹೋಗಿಯಾಗಿತ್ತು. ಬೀಳ್ದೇ ನಿಲ್ಲಿಸಿದಾನೆ. ಪಿಟ್ಟಲ್ಲಿ ನೋಡಿದ್ರೆ ಲಿವರ್ ಕಲ್ಲಿನ ಹಾಗೆ ಗಟ್ಟಿ, ಎಲ್ಲೂ ಲೀಕಿಲ್ಲ. ಎರಡನೇ ರೇಸಿಗೆ ನಾನು ಕಳಿಸ್ಲಿಲ್ಲ. ಅವರಪ್ಪ "ಲಿವರ್ ಸರಿ ಇದ್ಯಲ್ಲ, ಹೋಗಲಿ ಬಿಡಿ" ಅಂದ್ರು, ನಾನು ಬೇಡ ಅಂದೆ, ಸ್ವಲ್ಪ ಮಾತಾಯ್ತು. ಹುಡುಗ ಏನೂ ಮಾತಾಡ್ಲಿಲ್ಲ, ಲೆದರ್ಸ್ ಬಿಚ್ಚಿ ವ್ಯಾನಲ್ಲಿ ಹೋಗಿ ಕೂತ.

ಕಳೆದ ರೌಂಡ್ ಆದ್ಮೇಲೆ ಈ ಬೈಕಲ್ಲಿ ಮಾಡಿದ ಬದಲಾವಣೆ ಅಂದ್ರೆ, ಹುಡುಗ ಉದ್ದ ಆಗಿದಾನೆ ಅಂತ ಕ್ಲಿಪ್-ಆನ್ ಹ್ಯಾಂಡಲ್ (ಫೋರ್ಕಿಗೇ ಕಚ್ಚೋ ಎರಡು ತುಂಡಿನ ಹ್ಯಾಂಡಲ್) ಸ್ವಲ್ಪ ಮುಂದಕ್ಕೆ, ಕೆಳಕ್ಕೆ ಹಾಕಿದ್ವಿ, ಮುಂದಿನ ವೀಲ್ ಬಿಚ್ಚಿ ಹೊಸ ಟೈರ್ ಹಾಕಿದ್ವಿ, ಬ್ರೇಕ್ ಪ್ಯಾಡ್ ಬದಲಾಯಿಸಿದ್ವಿ. ಹುಡುಗಿ ಬೈಕಲ್ಲಿ ಏನೂ ಮುಟ್ಟಿಲ್ಲ.

ಮುಂದಿನ ರೌಂಡಿಗೆ ಇನ್ನೂ ಸ್ವಲ್ಪ ವಾರ ಟೈಮಿದೆ. ಯಾವ ಕ್ರಮದಲ್ಲಿ ಹುಡುಕಬೇಕು? ಸ್ಟ್ಯಾಂಡ್ ಮೇಲೆ ಕಾಣಿಸದ ತೊಂದರೇನ ಹಿಡಿಯೋದು ಹೇಗೆ? ಹುಡುಗನ ವಿಷಯದಲ್ಲೂ ಯಾರಿಗಾದ್ರೂ ಅನುಭವ ಇದ್ರೆ ಹೇಳಿ.

—

ವೈರಿಂಗ್_ಅಣ್ಣ:

ಸರ್, ನಿಮ್ಮ ಹುಡುಗ ಉತ್ತರ ಶುಕ್ರವಾರಾನೇ ಹೇಳಿದಾನೆ. ಮೀಟರ್ ಕಪ್ಪಾಯ್ತು ಅಂದ್ನಲ್ಲ, ಅದೊಂದು ಮಾತು ಇಡೀ ಫ್ಯುಯೆಲ್ ಕಡೆಯ ಕೆಲಸಾನ ಪಕ್ಕಕ್ಕಿಡುತ್ತೆ. ಪೆಟ್ರೋಲ್ ಬರ್ದೇ ಎಂಜಿನ್ ಸತ್ರೆ ಮೀಟರ್ ಉರೀತಾನೇ ಇರುತ್ತೆ, ಆರ್‌ಪಿಎಂ ಮಾತ್ರ ಬೀಳುತ್ತೆ. ಮೀಟರೂ ಹೋಯ್ತು ಎಂಜಿನ್ನೂ ಹೋಯ್ತು ಅಂದ್ರೆ ಎರಡಕ್ಕೂ ಒಟ್ಟಿಗೆ ಹೋಗೋ ಕರೆಂಟೇ ಕಟ್ಟಾಗ್ತಿದೆ. ಅಂದ್ರೆ ಬ್ಯಾಟರಿ ಟರ್ಮಿನಲ್ಲು, ಮೇನ್ ಫ್ಯೂಸ್ ಹೋಲ್ಡರ್ರು, ಇಗ್ನಿಷನ್ ಸ್ವಿಚ್ಚು ಅಥವಾ ಅದನ್ನ ತೆಗೆದು ಹಾಕಿರೋ ಜೋಡಣೆ, ಫ್ರೇಮಿಗೆ ಬರೋ ಅರ್ಥ್, ಮತ್ತೆ ಸ್ಟೀರಿಂಗ್ ಹೆಡ್ ಹತ್ರ ಬಗ್ಗೋ ವೈರಿನ ಕಟ್ಟು. ಇಷ್ಟೇ ಜಾಗ. ಪಂಪು ಫಿಲ್ಟರು ಇನ್ನು ಮುಟ್ಬೇಡಿ.

ನನ್ನ ಅನುಮಾನ ಸ್ಟೀರಿಂಗ್ ಹೆಡ್ ಹತ್ರಾನೇ. ಯಾಕೆ ಅಂದ್ರೆ ಕ್ಲಿಪ್-ಆನ್ ಮುಂದಕ್ಕೆ ಕೆಳಕ್ಕೆ ಹಾಕಿದ್ವಿ ಅಂದ್ರಲ್ಲ, ಆವಾಗ ಸ್ವಿಚ್ಚಿಗೆ ಹೋಗೋ ವೈರು ಎಳೆದಂಗಾಗಿರುತ್ತೆ. ಮೊದಲು ಸಡಿಲವಾಗಿ ಬಗ್ತಿದ್ದದ್ದು ಈಗ ಹ್ಯಾಂಡಲ್ ಒಂದು ಕಡೆ ತಿರುಗಿದಾಗಲೆಲ್ಲ ಬಿಗಿಯಾಗುತ್ತೆ, ಅದರ ಮೇಲೆ ಎಂಜಿನ್ ವೈಬ್ರೇಷನ್. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತೆ, ಒಳಗಡೆ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿ ಕೊನೆಗೆ ಎರಡೋ ಮೂರೋ ಎಳೆ ಉಳಿದಿರುತ್ತೆ. ಸ್ಟ್ಯಾಂಡ್ ಮೇಲೆ ಹ್ಯಾಂಡಲ್ ನೆಟ್ಟಗಿರುತ್ತೆ, ಫೋರ್ಕ್ ಮೇಲೆ ಭಾರ ಇರಲ್ಲ, ಹಾಗಾಗಿ ನೀವು ಗಂಟೆಗಟ್ಲೆ ಓಡಿಸಿದ್ರೂ ಏನೂ ಆಗಲ್ಲ. ಒಂದೇ ತಿರುವಲ್ಲಿ ಆಗೋದಕ್ಕೆ ಕಾರಣಾನೂ ಇದೇ ಇರಬಹುದು, ಬಲಗಡೆ, ಉದ್ದ, ಲೋಡ್ ಜಾಸ್ತಿ ಹೊತ್ತು.

ಹಿಡಿಯೋದು ಹೀಗೆ. ಎಂಜಿನ್ ಆನ್ ಮಾಡಿ, ಮುಂದಿನ ವೀಲ್ ನೆಲದಿಂದ ಎತ್ತಿ, ಹ್ಯಾಂಡಲ್ ನಿಧಾನವಾಗಿ ಎರಡೂ ಕಡೆ ಕೊನೆವರೆಗೂ ತಿರುಗಿಸಿ, ತಿರುಗಿಸಿದ ಜಾಗದಲ್ಲೇ ಹಿಡಿದು ಇನ್ನೊಬ್ರ ಕೈಲಿ ವೈರಿನ ಕಟ್ಟನ್ನ ಬೆರಳಲ್ಲಿ ಒಂದೊಂದು ಇಂಚು ಬಗ್ಗಿಸ್ತಾ ಹೋಗೋಕೆ ಹೇಳಿ. ಕೂಲಿಂಗ್ ಫ್ಯಾನ್ ಇಟ್ಕೊಳ್ಳಿ, ನಿಂತಲ್ಲೇ ಬಿಸಿ ಆಗುತ್ತೆ. ಅದಕ್ಕೂ ಸಿಗ್ಲಿಲ್ಲ ಅಂದ್ರೆ ಮಲ್ಟಿಮೀಟರ್ ತಗೊಂಡು ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ತುದಿ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಪವರ್ ಪಿನ್ನಿಗೆ, ಎಲ್ಲಾ ಆನ್ ಇರೋವಾಗ. ಚೆನ್ನಾಗಿರೋ ಸರ್ಕ್ಯೂಟಲ್ಲಿ 0.2 ವೋಲ್ಟ್ ಆಸುಪಾಸು ಅಥವಾ ಕಮ್ಮಿ ಬರುತ್ತೆ. ಅರ್ಧ ವೋಲ್ಟ್ ದಾಟಿದ್ರೆ ದಾರೀಲಿ ಎಲ್ಲೋ ಒಂದು ಜಾಗ ಕೆಟ್ಟಿದೆ ಅಂತ ಅರ್ಥ. ಬರೀ ಕಂಟಿನ್ಯುಟಿ ಬೀಪ್ (ವೈರ್ ತುಂಡಾಗಿಲ್ಲ ಅಂತ ಮಲ್ಟಿಮೀಟರ್ ಮಾಡೋ ಸದ್ದು) ನಂಬ್ಬೇಡಿ ಸರ್, ಒಂದೇ ಒಂದು ಎಳೆ ಇದ್ರೂ ಅದು ಬೀಪ್ ಅನ್ನುತ್ತೆ, ಆದ್ರೆ ಆ ಒಂದು ಎಳೆ ಪಂಪು, ಕಾಯಿಲ್ಲು, ಇಂಜೆಕ್ಟರಿಗೆ ಬೇಕಾದ ಕರೆಂಟ್ ಹೊರೋಕೆ ಆಗಲ್ಲ.

ಬೈಕ್ ಮಲಗಿಸಿದಾಗಲೇ ಆಗೋದ್ರಿಂದ ಯಾರಾದ್ರೂ ಬಂದು ಟಿಪ್-ಓವರ್ ಸೆನ್ಸರ್ (ಬೈಕ್ ಬಿದ್ರೆ ಎಂಜಿನ್ ಆಫ್ ಮಾಡೋದು) ಅಂತ ಹೇಳಬಹುದು. ಅದಲ್ಲ. ತಿರುವಲ್ಲಿ ಹೋಗ್ತಿರೋವಾಗ ಬೈಕ್ ಮೇಲೆ ಬೀಳೋ ಒಟ್ಟು ಬಲ ಬೈಕಿನ ಮಧ್ಯರೇಖೆಯಲ್ಲೇ ಟೈರ್ ಕಡೆಗೆ ಇರುತ್ತೆ, ಸೆನ್ಸರ್ ಒಳಗಿನ ತೂಕಕ್ಕೆ ಬೈಕ್ ನೆಟ್ಟಗಿರೋ ಹಾಗೇ ಅನ್ಸೋದು, ಎಷ್ಟೇ ಮಲಗಿಸಿದ್ರೂ. ಬೈಕ್ ಬಿದ್ದು ನೆಲದ ಮೇಲೆ ಮಲಗಿದಾಗ ಮಾತ್ರ ಅದು ಕೆಲಸ ಮಾಡೋದು. ಜೊತೆಗೆ ಈ ಥರದ ಬಹಳಷ್ಟು ಬೈಕಲ್ಲಿ ಅದು ಒಂದ್ಸಲ ಕಟ್ ಮಾಡಿದ್ರೆ ಕೀ ಆಫ್ ಮಾಡಿ ಆನ್ ಮಾಡೋವರೆಗೂ ವಾಪಸ್ ಬರಲ್ಲ, ನಿಮ್ದು ತಾನಾಗೇ ಬರ್ತಿದೆ.

—

ಹಳೇ_ಮೆಕ್ಯಾನಿಕ್:

ವೈರಿಂಗ್ ಅಣ್ಣ ಹೇಳಿದ್ದು ಸರಿ, ಅದಕ್ಕೆ ನಾನೇನೂ ಸೇರಿಸಲ್ಲ. ಹುಡುಗಿ ಬೈಕಿನ ನೀರಿನ ಬಗ್ಗೆ ಹೇಳ್ತೀನಿ.

ರೇಸಲ್ಲಿ ಕೂಲೆಂಟ್ ಹಾಕೋಕೆ ಬಿಡಲ್ಲ, ಬರೀ ನೀರು, ಯಾಕಂದ್ರೆ ಕೂಲೆಂಟಲ್ಲಿರೋ ಗ್ಲೈಕಾಲ್ ಟ್ರ್ಯಾಕ್ ಮೇಲೆ ಬಿದ್ರೆ ಎಣ್ಣೆ ಥರ ಜಾರುತ್ತೆ, ಒಣಗೋದೂ ಇಲ್ಲ. ಬರೀ ನೀರು ತೆರೆದ ಪಾತ್ರೇಲಿ 100ಕ್ಕೆ ಕುದಿಯುತ್ತೆ, 1.1 ಬಾರ್ ಕ್ಯಾಪ್ ಹಾಕಿ ಒತ್ತಡ ಹಿಡಿದಿಟ್ರೆ ಸುಮಾರು 120ರವರೆಗೂ ತಡ್ಕೊಳ್ಳುತ್ತೆ. ಅಂದ್ರೆ ನಿಮ್ಮ 112 ಡಿಗ್ರಿ ಕ್ಯಾಪ್ ಚೆನ್ನಾಗಿದ್ರೆ ಕುದಿಯೋ ಹಂತ ಅಲ್ಲ, ಕ್ಯಾಪ್ ಒತ್ತಡ ಬಿಟ್ಟುಬಿಟ್ರೆ ಖಂಡಿತ ಕುದಿಯೋ ಹಂತ. ಅದಕ್ಕೆ ಮೊದಲ್ನೇ ಕೆಲಸ ಕ್ಯಾಪ್ ತೆಗೆದು ರಬ್ಬರ್ ಸೀಲ್ ಅಂಚಿನ ಸುತ್ತ ಉಗುರು ಆಡಿಸಿ ನೋಡಿ, ಸಣ್ಣ ಗೀರು ಅಥವಾ ಗಟ್ಟಿಯಾಗಿರೋ ಜಾಗ ಸಿಗುತ್ತಾ ಅಂತ. ಮಧ್ಯದಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತಲ್ಲ, ತಣ್ಣಗಾದಾಗ ಬಾಟಲಿಂದ ನೀರು ವಾಪಸ್ ಎಳ್ಕೊಳ್ಳೋದು ಅದೇ, ಅದು ಅಂಟ್ಕೊಂಡಿದ್ರೂ ರೇಡಿಯೇಟರ್ ಅರ್ಧ ಖಾಲಿ ಕಾಣುತ್ತೆ. ಬಿಸಿ ಇದ್ದಾಗ ಕ್ಯಾಪ್ ಮುಟ್ಬೇಡಿ, ಸಹಾಯಕ್ಕಿರೋ ಹುಡುಗ್ರಿಗೂ ಇದನ್ನ ಗಟ್ಟಿಯಾಗಿ ಹೇಳಿ, ಮುಖದ ಮೇಲೆ ಚಿಮ್ಮುತ್ತೆ.

ಕ್ಯಾಪ್ ಬದಲಾಯಿಸಿದ ಮೇಲೂ ತಳ್ತಿದ್ರೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯೆ ಇರೋ ಸೀಲು. ಇದಕ್ಕೆ ಎಂಜಿನ್ ಬಿಚ್ಚೋಕೆ ಮುಂಚೇನೇ ಗೊತ್ತು ಮಾಡ್ಕೊಳ್ಳೋಕಾಗುತ್ತೆ. ರಾತ್ರಿಯೆಲ್ಲಾ ತಣ್ಣಗಾದ ಬೈಕು, ಕ್ಯಾಪ್ ತೆಗೆದು ಕುತ್ತಿಗೆವರೆಗೂ ನೀರು ತುಂಬಿ, ಸ್ಟಾರ್ಟ್ ಮಾಡಿ ನೋಡ್ತಾ ಇರಿ. ಶುರುವಲ್ಲಿ ಒಂದಷ್ಟು ಗುಳ್ಳೆ ಬರುತ್ತೆ, ಅದು ಸಿಕ್ಕಾಕೊಂಡಿರೋ ಗಾಳಿ, ನಿಲ್ಲುತ್ತೆ. ನಿಲ್ಲದೇ ಒಂದೇ ಲಯದಲ್ಲಿ ಸಣ್ಣ ಸಣ್ಣ ಗುಳ್ಳೆ ಬರ್ತಾನೇ ಇದ್ರೆ, ಥ್ರಾಟಲ್ ಕೊಟ್ಟಾಗ ಜಾಸ್ತಿಯಾದ್ರೆ, ಸಿಲಿಂಡರಿನ ಗ್ಯಾಸ್ ನೀರಿಗೆ ಬರ್ತಿದೆ. ಇನ್ನೊಂದು ಗುರುತು, ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಒಂದು ನಿಮಿಷಕ್ಕೆಲ್ಲಾ, ಎಂಜಿನ್ ಇನ್ನೂ ತಣ್ಣಗಿರೋವಾಗ್ಲೇ, ಮೇಲಿನ ಹೋಸ್ ಹಿಸುಕೋಕಾಗದಷ್ಟು ಗಟ್ಟಿಯಾಗುತ್ತೆ. ಗ್ಯಾಸ್ ಹಿಡಿಯೋ ನೀಲಿ ದ್ರಾವಣದ ಟೆಸ್ಟರ್ ಸಿಗುತ್ತೆ, ರೇಡಿಯೇಟರ್ ಬಾಯಿಗಿಟ್ಟು ಗಾಳಿ ಎಳೆದ್ರೆ ನೀಲಿ ಹಳದಿಗೆ ತಿರುಗುತ್ತೆ. ಸುಳ್ಳು ಹೇಳೋದು ಅಪರೂಪ.

ಗ್ಯಾಸ್ಕೆಟ್ ಅಂತ ಗೊತ್ತಾದ್ರೆ ಬರೀ ಗ್ಯಾಸ್ಕೆಟ್ ಹಾಕಿ ಮುಚ್ಚಬೇಡಿ. ಬಿಸಿಯಾದ ಹೆಡ್ಡು ಬಾಗಿರುತ್ತೆ. ಸ್ಟ್ರೈಟ್ ಎಡ್ಜ್ ಇಟ್ಟು ಅಡ್ಡ, ಉದ್ದ, ಎರಡೂ ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ಹಾಕಿ ನೋಡಿ, ಸರ್ವಿಸ್ ಮ್ಯಾನುವಲ್‌ನಲ್ಲಿ ಮಿತಿ ಕೊಟ್ಟಿರ್ತಾರೆ, ಅದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ, ಕಣ್ಣಿಗೆ ಕಾಣೋದಲ್ಲ. ಸಿಲಿಂಡರ್ ಮೇಲ್ಭಾಗಾನೂ ಹಾಗೇ ನೋಡಿ.

ನೀರು ತುಂಬೋವಾಗ ಮುಂದಿನ ವೀಲ್ ಎತ್ತರದಲ್ಲಿಡಿ, ಗಾಳಿ ಮೇಲೆ ಬರ್ಲಿ.

—

ರೈಡರ್_ಕೋಚ್:

ಮೂರು ತೊಂದರೇಲಿ ಒಂದನ್ನ ಮಾತ್ರ ಯಾರೂ ಮುಟ್ಟಿಲ್ಲ, ಅದೇ ಮೊದಲು ಆಗ್ಬೇಕಾದ್ದು. ಎಂಜಿನ್ ನಿಂತ್ರೆ ರೇಸ್ ಹೋಗುತ್ತೆ, ನೀರು ಹೋದ್ರೆ ಎಂಜಿನ್ ಹೋಗುತ್ತೆ, ಬ್ರೇಕ್ ಹೋದ್ರೆ ಮಗು. ಎರಡನೇ ರೇಸಿಗೆ ಕಳಿಸ್ಲಿಲ್ಲ ಅಂತ ಬರೆದಿದೀರಲ್ಲ, ಅದು ನೂರಕ್ಕೆ ನೂರು ಸರಿಯಾದ ತೀರ್ಮಾನ, ಅವರಪ್ಪ ಬೇಜಾರಾದ್ರೂ ಪರವಾಗಿಲ್ಲ. 2020ರ ಆಗಸ್ಟಲ್ಲಿ ರೆಡ್‌ಬುಲ್ ರಿಂಗ್ ಟ್ರ್ಯಾಕಲ್ಲಿ ಮೋಟೋಜಿಪಿ (ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್) ರೈಡರ್ ಮಾವೆರಿಕ್ ವಿನಾಲೆಸ್‌ಗೆ ಮುಂದಿನ ಬ್ರೇಕ್ ಕೈಕೊಟ್ಟಾಗ ಅವನು 200 ಕಿ.ಮೀ.ಗಿಂತ ಜಾಸ್ತಿ ಸ್ಪೀಡಲ್ಲಿ ಬೈಕ್ ಬಿಟ್ಟು ಹಾರ್ಬೇಕಾಯ್ತು, ಬೈಕು ಗಾಳಿ ತುಂಬಿದ ಬ್ಯಾರಿಯರಿಗೆ ನುಗ್ಗಿ ಬೆಂಕಿ ಹತ್ಕೊಂಡಿತು. ಅವನು ಮೋಟೋಜಿಪಿ ರೇಸ್ ಗೆದ್ದವನು, ಯಾವಾಗ ಹಾರ್ಬೇಕು ಅಂತ ಅವನಿಗೆ ಗೊತ್ತಿತ್ತು. 14ರ ಹುಡುಗನಿಂದ ಆ ತೀರ್ಮಾನ ನಿರೀಕ್ಷೆ ಮಾಡೋಕಾಗಲ್ಲ.

ನೀವು ಬರೆದಿರೋ ರೀತಿ ನೋಡಿದ್ರೆ ಇದು ಪ್ಯಾಡ್ ನಾಕ್-ಬ್ಯಾಕ್. ಹ್ಯಾಂಡಲ್ ಬಡ್ಕೊಂಡಾಗ ವೀಲು, ಡಿಸ್ಕು ಪಕ್ಕಕ್ಕೆ ಅಲ್ಲಾಡಿ ಪ್ಯಾಡುಗಳನ್ನ, ಅದರ ಹಿಂದಿರೋ ಪಿಸ್ಟನ್ನನ್ನ ಕ್ಯಾಲಿಪರ್ ಒಳಗೆ ತಳ್ಳಿಬಿಡುತ್ತೆ. ಪ್ಯಾಡಿಗೂ ಡಿಸ್ಕಿಗೂ ಮಧ್ಯೆ ಜಾಗ ಜಾಸ್ತಿ ಆಯ್ತು, ಲಿವರಿನ ಮೊದಲ್ನೇ ಎಳೆತ ಪೂರ್ತಿ ಆ ಜಾಗ ತುಂಬೋಕೇ ಖರ್ಚಾಯ್ತು. ಎರಡನೇ ಎಳೆತಕ್ಕೆ ಬ್ರೇಕ್ ಸಿಗುತ್ತೆ. ಪಿಟ್‌ಗೆ ಬರೋಷ್ಟರಲ್ಲಿ ಎಷ್ಟೋ ಸಲ ಒತ್ತಿರ್ತಾನೆ, ಹಾಗಾಗಿ ನಿಮ್ಮ ಕೈಗೆ ಗಟ್ಟಿಯಾಗೇ ಸಿಗುತ್ತೆ. ಗಾಳಿ ಇದ್ದಿದ್ರೆ ಅಥವಾ ಫ್ಲೂಯಿಡ್ ಕುದ್ದಿದ್ರೆ ಲಿವರ್ ಮೆತ್ತಗಾಗುತ್ತೆ, ಸೆಷನ್ ಹೋದಂಗೆ ಕೆಡ್ತಾ ಹೋಗುತ್ತೆ, ನಿಮ್ಮದು ಹಾಗಲ್ಲ.

ವೀಲ್ ಬಿಚ್ಚಿ ಟೈರ್ ಹಾಕಿದ್ವಿ ಅಂದ್ರಲ್ಲ. ಮುಂದಿನ ವೀಲ್ ಎತ್ತಿ 12 ಗಂಟೆ 6 ಗಂಟೆ ಜಾಗದಲ್ಲಿ ಟೈರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಕೂದಲೆಳೆಯಷ್ಟು ಟಕ್ ಅಂದ್ರೂ ಬೇರಿಂಗ್ ಹೋಗಿದೆ. ಆಕ್ಸಲ್ ಸರಿಯಾದ ಟಾರ್ಕಿಗೆ ಬಿಗಿಯಾಗಿದ್ಯಾ, ಸ್ಪೇಸರ್ ತನ್ನ ಜಾಗದಲ್ಲಿದ್ಯಾ, ಪಿಂಚ್ ಬೋಲ್ಟ್ (ಆಕ್ಸಲ್ ಕಚ್ಚಿ ಹಿಡಿಯೋ ಬೋಲ್ಟ್) ಇರೋ ಫೋರ್ಕ್ ಆದ್ರೆ ಅದನ್ನ ಬಿಗಿ ಮಾಡೋಕೆ ಮುಂಚೆ ಫೋರ್ಕ್ ನಾಕೈದು ಸಲ ಒತ್ತಿ ಸೆಟ್ ಆಗೋಕೆ ಬಿಟ್ಟಿದ್ರಾ, ಇದನ್ನೆಲ್ಲಾ ನೋಡಿ. ಡಯಲ್ ಗೇಜ್ ಇದ್ರೆ ಡಿಸ್ಕ್ ರನ್ಔಟ್ (ತಿರುಗೋವಾಗ ಡಿಸ್ಕ್ ಎಷ್ಟು ಪಕ್ಕಕ್ಕೆ ಓಲಾಡುತ್ತೆ ಅನ್ನೋದು) ಅಳತೆ ಮಾಡಿ. ಸ್ಟೀರಿಂಗ್ ಬೇರಿಂಗೂ ನೋಡಿ, ಹ್ಯಾಂಡಲ್ ಬಡ್ಕೊಳ್ಳೋಕೆ ಅದೂ ಕಾರಣ ಆಗಬಹುದು, ಜೊತೆಗೆ ಕ್ಲಿಪ್-ಆನ್ ಮುಂದೆ ಹೋಗಿರೋದ್ರಿಂದ ಹುಡುಗ ಸ್ಟ್ರೈಟಲ್ಲಿ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ನೇತಾಡ್ತಿದಾನಾ ಅಂತ ವಿಡಿಯೋ ಇದ್ರೆ ಗಮನಿಸಿ.

ಬ್ರೇಕ್ ಫ್ಲೂಯಿಡ್ ಹೇಗಿದ್ರೂ ಬದಲಾಯಿಸಿ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕುದಿಯದೇ ಕಮ್ಮಿ ಅಂದ್ರೂ 230 ಡಿಗ್ರಿ ತಡ್ಕೊಳ್ಳುತ್ತೆ, ಗಾಳಿಯ ತೇವ ಹೀರ್ಕೊಂಡಂಗೆ ಆ ಲೆಕ್ಕ 155ರವರೆಗೂ ಇಳಿಯುತ್ತೆ. ಹಳೇ ಬಾಟಲ್ ಅರ್ಧ ಉಳಿದಿದೆ ಅಂತ ಬಳಸ್ಬೇಡಿ.

ಇನ್ನು ಹುಡುಗನಿಗೆ ಒಂದು ಅಭ್ಯಾಸ ಕಲಿಸಿ. ಬೈಕ್ ಅಲ್ಲಾಡಿದ ಮೇಲೆ, ಮುಂದಿನ ಬ್ರೇಕಿಂಗ್ ಪಾಯಿಂಟಿಗೆ ಮುಂಚೆ, ಥ್ರಾಟಲ್ ಬಿಡದೇ ಒಂದು ಬೆರಳಲ್ಲಿ ಲಿವರ್ ಹಗುರಾಗಿ ಒಂದೆರಡು ಸಲ ತಟ್ಟೋದು. ದೊಡ್ಡ ರೈಡರ್‌ಗಳೆಲ್ಲಾ ಮಾಡ್ತಾರೆ, ಟೀವೀಲಿ ಆನ್‌ಬೋರ್ಡ್ ನೋಡಿದ್ರೆ ಕಾಣುತ್ತೆ. ಆ ತಟ್ಟೋದ್ರಲ್ಲೇ ಪ್ಯಾಡ್ ವಾಪಸ್ ಡಿಸ್ಕ್ ಹತ್ರ ಬಂದು ಕೂರುತ್ತೆ. ಆದ್ರೆ ತೊಂದರೆ ಸರಿ ಮಾಡಿದ ಮೇಲೆ ಕಲಿಸಿ, ಸರಿ ಮಾಡೋ ಬದಲಿಗೆ ಅಲ್ಲ.

ವ್ಯಾನಲ್ಲಿ ಹೋಗಿ ಕೂತ ಅಂದ್ರಲ್ಲ. ಈ ವಯಸ್ಸಿನ ಮಕ್ಕಳು ಭಯ ಆಯ್ತು ಅಂತ ಬಾಯ್ಬಿಟ್ಟು ಹೇಳಲ್ಲ, ಮೌನ ಆಗ್ತಾರೆ ಇಲ್ಲಾ ಬೈಕ್ ಸರಿ ಇಲ್ಲ ಅಂತ ಎಲ್ಲದಕ್ಕೂ ಹೇಳೋಕೆ ಶುರು ಮಾಡ್ತಾರೆ. ಅವನನ್ನ ಗ್ಯಾರೇಜಿಗೆ ಕರೆಸಿ, ಬೇರಿಂಗ್ ಬಿಚ್ಚೋವಾಗ ಅವನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡ್ಲಿ. ಯಾವ ಭಾಗ ಯಾಕೆ ಕೈಕೊಡ್ತು ಅಂತ ಬೆರಳಿಗೆ ಗೊತ್ತಾದ್ರೆ ಆ ತಿರುವಲ್ಲಿ ಅವನಿಗೆ ನಿಮ್ಮ ಸಮಾಧಾನದ ಮಾತಿಗಿಂತ ಅದೇ ಜಾಸ್ತಿ ಕೆಲಸ ಮಾಡುತ್ತೆ.

—

ಪಿಟ್_ಬೋರ್ಡ್:

ನಾನಾಗಿದ್ರೆ ಹುಡುಗನ ಬೈಕಿಗೆ ಪೂರ್ತಿ ಹೊಸ ವೈರಿಂಗ್ ಹಾರ್ನೆಸ್ ಹಾಕಿ, ಹುಡುಗಿ ಬೈಕಿಗೆ ಸ್ಪೇರ್ ಎಂಜಿನ್ ಹಾಕಿ ಮುಂದಕ್ಕೆ ಹೋಗ್ತಿದ್ದೆ. ಸೀಸನ್ ಮಧ್ಯೆ ಹುಡುಕ್ತಾ ಕೂರೋಕೆ ಟೈಮೆಲ್ಲಿ, ಮಕ್ಕಳಿಗೆ ಬೇಕಾಗಿರೋದು ಲ್ಯಾಪು. ಶುಕ್ರವಾರ ಕಳ್ಕೊಂಡ ಒಂದೊಂದು ಲ್ಯಾಪೂ ಆ ವಯಸ್ಸಲ್ಲಿ ದೊಡ್ಡದು.

—

ವೈರಿಂಗ್_ಅಣ್ಣ:

ಪಿಟ್ ಬೋರ್ಡ್ ಅವ್ರೇ, ಲ್ಯಾಪ್ ಮುಖ್ಯ ಅನ್ನೋದು ಒಪ್ತೀನಿ, ಆದ್ರೆ ಹಾರ್ನೆಸ್ ಹೊಸದು ಹಾಕಿದ್ರೂ ಅದೇ ಬ್ರಾಕೆಟ್ ಮೇಲೆ ಅದೇ ಬಿಗಿಯಲ್ಲಿ ಹೋದ್ರೆ ಮೂರ್ನಾಲ್ಕು ರೌಂಡಿಗೆ ಮತ್ತೆ ತುಂಡಾಗುತ್ತೆ, ಅದೂ ರೇಸಲ್ಲೇ ಆಗುತ್ತೆ. ಕಾರಣ ಕಣ್ಣಿಗೆ ಕಾಣೋವರೆಗೂ ಭಾಗ ಬದಲಾಯಿಸಿ ಪ್ರಯೋಜನ ಇಲ್ಲ. ಒಂದೇ ಸಂಜೆ ನಾಕು ಭಾಗ ಬದಲಾಯಿಸಿದ್ರೆ ಸರಿ ಹೋದ್ರೂ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ, ಕೈಲಿ ನಾಕು ಅನುಮಾನದ ಸ್ಪೇರ್ ಪಾರ್ಟ್ ಉಳಿಯುತ್ತೆ. ಒಂದು ಬದಲಾವಣೆ, ಒಂದು ಸೆಷನ್, ಪುಸ್ತಕದಲ್ಲಿ ಒಂದು ಸಾಲು.

ಇನ್ನು ಆ ಪುಸ್ತಕದಲ್ಲಿ ಮಕ್ಕಳು ಹೇಳಿದ್ದನ್ನ ಅವರ ಮಾತಲ್ಲೇ ಬರೀರಿ ಸರ್, ನಿಮ್ಮ ಭಾಷೆಗೆ ತಿರುಗಿಸ್ಬೇಡಿ. "ಮೀಟರ್ ಕಪ್ಪಾಯ್ತು" ಅನ್ನೋದು "ಫ್ಯುಯೆಲ್ ಕಟ್" ಅಂತ ಬರೆಯೋದ್ರೊಳಗೆ ಕಳೆದುಹೋಗುತ್ತೆ. ಎಷ್ಟನೇ ಗೇರು, ಥ್ರಾಟಲ್ ತೆರೆದಿತ್ತಾ ಮುಚ್ಚಿತ್ತಾ, ಮೀಟರಲ್ಲಿ ಏನು ಕಾಣ್ತು, ತಾನಾಗೇ ವಾಪಸ್ ಬಂತಾ. ಇಷ್ಟು ಕೇಳಿ, ಉತ್ತರ ನೀವೇ ಬಾಯಿಗೆ ಹಾಕ್ಬೇಡಿ.

—

ಹಳೇ_ಮೆಕ್ಯಾನಿಕ್:

ಸ್ಪೇರ್ ಎಂಜಿನ್ ಇದ್ರೆ ಹಾಕೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಕ್ಯಾಪ್ ಕೆಟ್ಟಿದ್ರೆ ಆ ಎಂಜಿನ್ನೂ ಅದೇ 112ಕ್ಕೆ ಹೋಗುತ್ತೆ. ಮೊದಲು ಕ್ಯಾಪು, ಆಮೇಲೆ ಮಾತು.

ಮತ್ತೆ ಮಕ್ಕಳಿಗೆ ಒಂದು ವಿಷಯ ಹೇಳಿ. 2016ರಲ್ಲಿ ಮೋಟೋಜಿಪೀಲಿ, ಇಟಲಿಯ ಮುಜೆಲ್ಲೋದಲ್ಲಿ ಬೆಳಗ್ಗೆ ವಾರ್ಮ್-ಅಪ್ಪಲ್ಲಿ ಯಮಹಾ ರೈಡರ್ ಲೊರೆಂಜೋ ಎಂಜಿನ್ ಹೋಯ್ತು, ಮಧ್ಯಾಹ್ನ ರೇಸಲ್ಲಿ ಅವನ ಹಿಂದೇನೇ ಇದ್ದ, ಅದೇ ಟೀಮಿನ ಇಟಲಿ ರೈಡರ್ ರೋಸಿ ಎಂಜಿನ್ ಹೊಗೆ ಬಿಟ್ಟು ನಿಂತೋಯ್ತು, ಅದೂ ರೋಸಿ ಸ್ವಂತ ಜನರ ಮುಂದೆ. ಸ್ಟ್ರೈಟಿನ ಉಬ್ಬಿನ ಮೇಲೆ ಹಿಂದಿನ ವೀಲ್ ಹಗುರಾಗಿ ಆರ್‌ಪಿಎಂ ಮಿತಿ ದಾಟಿದ್ದು ಕಾರಣ ಅಂತ ಆಮೇಲೆ ಯಮಹಾದವರು ಹೇಳಿದ್ರು. 2012ರಲ್ಲಿ ಮಿಸಾನೋದಲ್ಲಿ ಹೋಂಡಾ ರೈಡರ್ ಪೆಡ್ರೋಸಾ ಪೋಲ್ ಪೊಸಿಷನ್ (ಗ್ರಿಡ್‌ನ ಮೊದಲ್ನೇ ಜಾಗ) ಹಿಡಿದಿದ್ದ, ಗ್ರಿಡ್ ಮೇಲೆ ಟೈರ್ ವಾರ್ಮರ್ (ಟೈರ್ ಬಿಸಿ ಇಡೋ ಹೊದಿಕೆ) ಸಿಕ್ಕಾಕೊಂಡು ಮುಂದಿನ ವೀಲ್ ತಿರುಗ್ಲಿಲ್ಲ, ಕೊನೆಯಿಂದ ಶುರು ಮಾಡ್ಬೇಕಾಯ್ತು, ಮೊದಲ್ನೇ ಲ್ಯಾಪಲ್ಲೇ ಇನ್ನೊಬ್ಬ ಬಂದು ಹೊಡೆದ. ಆ ವರ್ಷ ಚಾಂಪಿಯನ್‌ಶಿಪ್ ಲೊರೆಂಜೋಗೆ ಹೋಯ್ತು. ಅಷ್ಟು ಜನ ಎಂಜಿನಿಯರ್‌ಗಳಿರೋ ಫ್ಯಾಕ್ಟರಿ ಟೀಮಲ್ಲೇ ಹೀಗಾಗುತ್ತೆ. ಹುಡುಗಿಗೆ ಅವಳ ಬೈಕ್ ನಿಂತಿದ್ದು ಅವಳ ಓಡಿಸೋದ್ರಿಂದ ಅಲ್ಲ ಅಂತ ಸ್ಪಷ್ಟವಾಗಿ ಗೊತ್ತಾಗ್ಬೇಕು, ಯಾರೂ ಹೇಳ್ದೇ ಇದ್ರೆ ಹಾಗೇ ಅಂದ್ಕೊಂಡಿರ್ತಾಳೆ.

—

ಗ್ಯಾರೇಜ್_ಹೊಣೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಿಚ್ಚಿ ನೋಡಿದ್ವಿ, ಹೇಳ್ತೀನಿ.

ವೈರಿಂಗ್ ಅಣ್ಣ, ನೀವು ಹೇಳಿದ ಜಾಗದಲ್ಲೇ ಸಿಕ್ತು. ಹ್ಯಾಂಡಲ್ ಬಲಗಡೆ ತಿರುಗಿಸಿ ಹಿಡಿದು, ಟ್ರಿಪಲ್ ಕ್ಲ್ಯಾಂಪ್ (ಫೋರ್ಕ್ ಹಿಡಿದಿರೋ ಭಾಗ) ಹಿಂದೆ ವೈರಿನ ಕಟ್ಟು ಫ್ರೇಮ್ ಒಳಗೆ ಹೋಗೋ ಜಾಗದಲ್ಲಿ ಬೆರಳು ಇಟ್ಟು ಒತ್ತಿದ ತಕ್ಷಣ ಎಂಜಿನ್ ನಿಂತೋಯ್ತು, ಮೀಟರ್ ಕಪ್ಪಾಯ್ತು. ಟೇಪ್ ಬಿಚ್ಚಿದ್ರೆ ಇಗ್ನಿಷನ್ನಿಂದ ಬರೋ ವೈರು ಹೊರಗಡೆ ಸ್ವಲ್ಪ ಬಿಳಿಚಿಕೊಂಡಿತ್ತು ಅಷ್ಟೇ, ಸಿಪ್ಪೆ ಕೊಯ್ದು ನೋಡಿದ್ರೆ ಒಳಗೆ ಎಳೆಗಳೆಲ್ಲಾ ತುಂಡಾಗಿ ಪುಡಿಪುಡಿ ಹಸಿರು, ಉಳಿದಿದ್ದು ಎರಡೇ ಎಳೆ. ಹೊಸ ವೈರು ಹಾಕಿ, ಹ್ಯಾಂಡಲ್ ಎರಡೂ ಕಡೆ ಕೊನೆವರೆಗೂ ತಿರುಗಿಸಿದಾಗಲೂ ಸಡಿಲ ಇರೋ ಹಾಗೆ ದಾರಿ ಬದಲಾಯಿಸಿ ಕಟ್ಟಿದೀವಿ. ವೋಲ್ಟೇಜ್ ಡ್ರಾಪ್ ಈಗ 0.1. ಹುಡುಗಿ ಬೈಕಲ್ಲೂ ಅದೇ ಜಾಗ ಬಿಚ್ಚಿ ನೋಡಿದ್ವಿ, ಅವಳ ಹ್ಯಾಂಡಲ್ ಹಳೇ ಜಾಗದಲ್ಲೇ ಇರೋದ್ರಿಂದ ವೈರು ಚೆನ್ನಾಗಿದೆ.

ಕೋಚ್ ಮೇಡಂ, ಮುಂದಿನ ವೀಲಿನ ಎಡಗಡೆ ಬೇರಿಂಗ್ ಹೋಗಿತ್ತು. ಹುಡುಗನನ್ನ ಕರೆಸಿ ಅವನ ಕೈಯಲ್ಲೇ ಟೈರ್ ಅಲ್ಲಾಡಿಸಿದ್ವಿ, ಟಕ್ ಅಂತ ಸಣ್ಣ ಸದ್ದು ಬಂತು, ಅವನು ಮತ್ತೆ ಮತ್ತೆ ಅಲ್ಲಾಡಿಸಿ ನೋಡ್ದ. ಬೇರಿಂಗ್ ಹೊರಗೆ ಬಂದ ಮೇಲೆ ಬೆರಳಲ್ಲಿ ತಿರುಗಿಸಿದ್ರೆ ಮರಳು ತುಂಬಿದ ಹಾಗೆ ಕರಕರ ಅಂತಿತ್ತು. ಹೊಸ ಬೇರಿಂಗು, ಹೊಸ ಫ್ಲೂಯಿಡ್, ಡಿಸ್ಕ್ ರನ್ಔಟ್ ಮ್ಯಾನುವಲ್ ಮಿತಿಯೊಳಗಿದೆ. ಅವರಪ್ಪನೂ ಬಂದಿದ್ರು, ಬೇರಿಂಗ್ ಕೈಗೆ ತಗೊಂಡು ನೋಡಿ ಏನೂ ಹೇಳ್ಲಿಲ್ಲ, ಆದ್ರೆ ಮುಂದಿನ ಟೆಸ್ಟಿಗೆ ಯಾವತ್ತು ಹೋಗೋದು ಅಂತ ಅವರೇ ಕೇಳಿದ್ರು. ಹುಡುಗನಿಗೆ ರೇಸಿಗೆ ಮುಂಚೆ ಒಂದು ದಿನ ಖಾಲಿ ಟ್ರ್ಯಾಕಲ್ಲಿ ಓಡಿಸೋಕೆ ವ್ಯವಸ್ಥೆ ಮಾಡ್ತಿದೀವಿ, ಟೈಮ್ ನೋಡದೇ, ಲಿವರ್ ತಟ್ಟೋ ಅಭ್ಯಾಸಕ್ಕೆ.

ನೀರಿಂದು ಇನ್ನೂ ಮುಗಿದಿಲ್ಲ. ಕ್ಯಾಪ್ ಸೀಲಲ್ಲಿ ಗೀರಿತ್ತು, ಬದಲಾಯಿಸಿದ್ವಿ. ಆದ್ರೂ ತಣ್ಣನೆ ಎಂಜಿನ್ನಲ್ಲಿ ಗುಳ್ಳೆ ನಿಲ್ತಿಲ್ಲ, ಟೆಸ್ಟರ್ ಹಳದಿಗೆ ತಿರುಗ್ತು. ಹೆಡ್ ತೆಗೀತೀವಿ. ಒಂದು ಪ್ರಶ್ನೆ, ಹೆಡ್ ಸ್ವಲ್ಪ ಬಾಗಿದ್ರೆ ಫೇಸ್ ಮಾಡಿಸಿ (ಮೇಲ್ಮೈ ತೆಳುವಾಗಿ ಉಜ್ಜಿಸಿ ಸಮ ಮಾಡಿಸಿ) ದಪ್ಪ ಗ್ಯಾಸ್ಕೆಟ್ ಹಾಕಬಹುದಾ?

—

ಹಳೇ_ಮೆಕ್ಯಾನಿಕ್:

ನಿಮ್ಮ ಕ್ಲಾಸಿನ ರೂಲ್ ಬುಕ್ ಮೊದಲು ಓದಿ. ಎಂಜಿನ್ ಒಳಗೆ ಮುಟ್ಟೋ ಹಾಗಿಲ್ಲ ಅಂತ ನೀವೇ ಬರೆದಿದೀರಿ, ಅಂಥ ಕ್ಲಾಸಲ್ಲಿ ಹೆಡ್ ಫೇಸ್ ಮಾಡ್ಸೋದು, ಬೇರೆ ದಪ್ಪದ ಗ್ಯಾಸ್ಕೆಟ್ ಹಾಕೋದು ಎರಡೂ ಕಂಪ್ರೆಷನ್ ಬದಲಾಯಿಸೋ ಕೆಲಸ, ರೇಸ್ ಆದ್ಮೇಲೆ ಎಂಜಿನ್ ಬಿಚ್ಚಿಸಿ ಅಳತೆ ಮಾಡಿದ್ರೆ ಮಗು ಕಷ್ಟಪಟ್ಟು ತಗೊಂಡ ಪಾಯಿಂಟ್ ಹೋಗುತ್ತೆ. ಬಾಗಿರೋದು ಮಿತಿಯೊಳಗಿದ್ರೆ ಕಂಪನಿ ಗ್ಯಾಸ್ಕೆಟ್ ಹೊಸದು ಹಾಕಿ, ಬೋಲ್ಟ್ ಮ್ಯಾನುವಲ್ ಹೇಳಿದ ಕ್ರಮದಲ್ಲೇ, ಹಂತ ಹಂತವಾಗಿ ಬಿಗಿ ಮಾಡಿ. ಮಿತಿ ದಾಟಿದ್ರೆ ಹೆಡ್ಡೇ ಬೇರೆ ಹಾಕಿ. ಅನುಮಾನ ಇದ್ರೆ ಟೆಕ್ನಿಕಲ್ ಅಧಿಕಾರಿಗೆ ಬರವಣಿಗೇಲಿ ಕೇಳಿ, ಉತ್ತರ ಇಟ್ಕೊಳ್ಳಿ.

ಬಿಚ್ಚಿದ ಮೇಲೆ ಹಳೇ ಗ್ಯಾಸ್ಕೆಟ್ ಎಸೀಬೇಡಿ. ಎರಡು ಸಿಲಿಂಡರ್ ಮಧ್ಯೆ ಕಪ್ಪಾಗಿದ್ಯಾ ಇಲ್ಲಾ ಹೊರಗಿನ ನೀರಿನ ತೂತಿನ ಕಡೆ ಕಪ್ಪಾಗಿದ್ಯಾ ನೋಡಿ, ಒಂದು ಫೋಟೋ ಹಾಕಿ, ಆಮೇಲೆ ಮುಂದೇನು ಅಂತ ಹೇಳ್ತೀನಿ.